ದಿಲ್ಲಿ ಮನೆಯ ನೆಲದ ಹೆಸರು

ಚೌಡ ಗೌಡನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮಿರ್ಜಾನದವರು ಹೇಳುತ್ತಾರೆ. ಮೂಗಿನ ತುದಿಯಲ್ಲಿದ್ದರೆ ಒರೆಸಿಯಾದರೂ ಹಾಕಬಹುದಿತ್ತು. ಅವನದು ಹೊಟ್ಟೆಯೊಳಗೆ ಕೂತು ಬೇಯುವ ಸಿಟ್ಟು, ಎರಡು ವರ್ಷದಿಂದ ಬೇಯುತ್ತಲೇ ಇದೆ. ಕಾರಣ ಕೇಳಿದವರು ನಗುತ್ತಾರೆ. ದಿಲ್ಲಿಗೆ ಹೋಗಿ, ರಾಷ್ಟ್ರಪತಿಗಳ ಮನೆಯಂಗಳದಲ್ಲಿ ಕುಣಿದು, ದೊಡ್ಡ ದೊಡ್ಡವರಿಂದ ಚಪ್ಪಾಳೆ ತಟ್ಟಿಸಿಕೊಂಡು, ಶಾಲು ಹೊದೆಸಿಕೊಂಡು ಬಂದ ಮನುಷ್ಯನಿಗೆ ಸಿಟ್ಟಂತೆ! ಉಂಡದ್ದು ಹೆಚ್ಚಾಗಿದೆ ಎನ್ನುತ್ತಾರೆ. ನಗುವವರು ನಗಲಿ. ಚೌಡನ ಸಿಟ್ಟಿಗೆ ಕಾರಣವಿದೆ.

ಮಿರ್ಜಾನದ ಹಿಂದಿರುವ ಹಾಲಕ್ಕಿ ಒಕ್ಕಲಿಗರ ಕೇರಿಯಲ್ಲಿ, ಅವರ ಮಾತಿನ ಕೊಪ್ಪದಲ್ಲಿ, ಅವನ ಮನೆ. ವಯಸ್ಸು ಅರವತ್ತಾರು. ಮಳೆಗಾಲದಲ್ಲಿ ಭತ್ತ, ಆಮೇಲೆ ಅದೇ ಗದ್ದೆಯಲ್ಲಿ ಹರಿವೆ, ಮೂಲಂಗಿ, ಬಸಳೆ. ಹೆಂಡತಿ ಲಕ್ಕಿ ಅದನ್ನು ಕಟ್ಟು ಕಟ್ಟಿ ಕುಮಟೆಯ ಪೇಟೆಗೆ ಒಯ್ಯುತ್ತಾಳೆ. ಶಾಲೆಗೆ ಹೋದದ್ದು ಎರಡು ಮಳೆಗಾಲ. ಅಕ್ಷರ ಕೂಡಿಸಿ ಓದುವಷ್ಟರಲ್ಲಿ ಅಪ್ಪ ಬಂದು ಕೋಣ ಕಾಯಲು ಎಳೆದುಕೊಂಡು ಹೋದ. ಇಂಥ ಮನುಷ್ಯನ ತಲೆಯೊಳಗೆ ಕುಮಟಾ ಮತ್ತು ಹೊನ್ನಾವರ ಸೀಮೆಯ ನಾನೂರು ಮನೆಗಳ ಜಾತಕ ಇದೆ ಎಂದರೆ ನಂಬಬೇಕು.

ಅದು ಬಂದದ್ದು ಸುಗ್ಗಿಯಿಂದ. ಹೋಳಿ ಹುಣ್ಣಿಮೆಯ ಮುಂಚೆ ಹಾಲಕ್ಕಿ ಗಂಡಸರು ಬೆಂಡಿನ ಹೂವಿನ ತುರಾಯಿಯನ್ನು ತಲೆಗೆ ಕಟ್ಟಿಕೊಂಡು, ಗುಮಟೆ ಎಂಬ ಮಡಕೆವಾದ್ಯ ಬಾರಿಸುತ್ತ, ಮನೆಮನೆಯ ಅಂಗಳಕ್ಕೆ ಹೋಗಿ ಕುಣಿದು ಹರಸಿ ಬರುತ್ತಾರೆ. ಮನೆಯವರು ಅಕ್ಕಿ, ಕಾಯಿ ಕೊಟ್ಟು ಕಳಿಸುತ್ತಾರೆ. ಎಲ್ಲ ತಂಡಗಳದ್ದೂ ಇಷ್ಟೇ. ಆದರೆ ಚೌಡನ ಮನೆತನದ ತಂಡಕ್ಕೆ ಒಂದು ಹೆಚ್ಚಿನ ಕಟ್ಟಳೆ. ಹರಸುವ ಪದದ ಮೊದಲ ಸಾಲಿನಲ್ಲಿ ಆ ನೆಲವನ್ನು ಮೊಟ್ಟಮೊದಲು ಉತ್ತವನ ಹೆಸರು ಹೇಳಬೇಕು. ಎರಡನೆಯ ಸಾಲು ಮನೆ ಕಟ್ಟಿದವನಿಗೆ. ಈಗ ಇರುವವನು ಎಷ್ಟೇ ದೊಡ್ಡ ಕುಳವಾಗಿರಲಿ, ಅವನ ಸರದಿ ಮೂರನೆಯದು.

ಮೊದ್ಲಿಗೆ ಯಾರ ನೆನೆದೇವೋ,
ನೆಲ ಉತ್ತವ್ನ ನೆನೆದೇವೋ

ಎಂದು ಚೌಡ ಎತ್ತಿಕೊಂಡು, ಹೆಸರು ಹೇಳಿದ ಮೇಲೆಯೇ ಗುಮಟೆ ಬೀಳಬೇಕು. ಹೆಸರು ಹೇಳದ ಹರಕೆ ವಿಳಾಸ ಬರೆಯದ ಕಾಗದದ ಹಾಗೆ, ಯಾರ ಮನೆಗೂ ಮುಟ್ಟುವುದಿಲ್ಲ ಎಂದು ಅವನ ಅಜ್ಜ ಹೇಳುತ್ತಿದ್ದ. ಹೀಗಾಗಿ ಹೊಸ ಮನೆಯೊಂದು ಎದ್ದಿತೆಂದರೆ ಚೌಡನಿಗೆ ಕೆಲಸ ಶುರು. ಆ ಊರಿನ ಮುದುಕಿಯರನ್ನು ಹುಡುಕಿ, ಎಲೆಯಡಿಕೆ ಕೊಟ್ಟು, ಗದ್ದೆ ಮೊದಲು ಯಾರದಿತ್ತು ಎಂದು ಬಾಯಿ ಬಿಡಿಸುವುದು.

ಇದರಿಂದ ಜಗಳವೂ ಆಗಿದೆ. ಹೆದ್ದಾರಿ ಬದಿಗೆ ಮೂರಂತಸ್ತು ಎಬ್ಬಿಸಿದ ಒಬ್ಬ ಕಂತ್ರಾಟದಾರನ ಅಂಗಳದಲ್ಲಿ ಚೌಡ ಮೊದಲ ಸಾಲಿಗೇ ಬೇರೊಬ್ಬನ ಹೆಸರು ಹಾಡಿದ. ಜಾಗದ ತಕರಾರು ಆಗಿನ್ನೂ ಕೋರ್ಟಿನಲ್ಲಿತ್ತು. ಕಂತ್ರಾಟದಾರ ಕೆಂಡಾಮಂಡಲವಾಗಿ, "ನನ್ನ ಮನೆ ಎದ್ರಿಗೇ ನಿಂತು ಅವ್ನ ಸಾಕ್ಷಿ ಹೇಳ್ತ್ಯನಾ?" ಎಂದು ಕಾಯಿಯನ್ನು ಒಳಗೆ ಒಯ್ದ. ಚೌಡ, "ಕಾಯಿ ನಿಮ್ದು, ಇಟ್ಕಳಿ. ಹೆಸ್ರು ನೆಲದ್ದು, ಅದ್ನ ನಾ ಎಲ್ಲಿ ಒಯ್ಲಿ?" ಎಂದು ಪದ ಪೂರ್ತಿ ಮುಗಿಸಿಯೇ ಅಂಗಳ ಇಳಿದ. ಆ ವರ್ಷ ಆ ದಾರಿಯಲ್ಲಿ ನಾಲ್ಕು ಮನೆಯವರು ತಂಡಕ್ಕೆ ಬಾಗಿಲು ತೆರೆಯಲಿಲ್ಲ. ಲಕ್ಕಿ ಬೈದಳು. ಅವನು ಕೇಳಿಸಿಕೊಂಡಂತೆ ನಟಿಸಿದ.

ಹೀಗಿರುವಾಗ ದಿಲ್ಲಿಯಿಂದ ಕರೆ ಬಂತು. ದೇಶದ ಬೇರೆ ಬೇರೆ ಮೂಲೆಯ ಕುಣಿತಗಳನ್ನು ರಾಷ್ಟ್ರಪತಿ ಭವನಕ್ಕೆ ಕರೆಸುತ್ತಾರೆ, ನಿಮ್ಮ ತಂಡ ಆಯ್ಕೆಯಾಗಿದೆ, ಎಂಟು ಜನ, ನಾಲ್ಕು ನಿಮಿಷ ಎಂದು ಇಲಾಖೆಯವರು ಹೇಳಿದರು. ಕೊಪ್ಪದಲ್ಲಿ ಪಟಾಕಿ ಹೊಡೆದರು. ಚೌಡ ಒಂದು ದಿನ ಹಿಗ್ಗಿದ. ಮರುದಿನ ಬೆಳಿಗ್ಗೆ ಗಂಜಿಯ ತಾಟಿನ ಮುಂದೆ ಕೂತವನು ಉಣ್ಣದೆ ಎದ್ದ.

"ಎಂತ ಆತು?" ಎಂದಳು ಲಕ್ಕಿ.

"ಆ ಮನೆ ನೆಲ ಮೊದ್ಲು ಯಾರು ಉತ್ತದ್ದು?"

"ನಂಗೆಂತ ಗುತ್ತು?"

"ನಂಗೂ ಗುತ್ತಿಲ್ಲ," ಎಂದು ಅಂಗಿ ಹಾಕಿಕೊಂಡು ಹೊರಟ.

ಹೋದದ್ದು ಕುಮಟೆಯ ತಾಲೂಕು ಕಚೇರಿಗೆ. ಜಾಗದ ಹಿಂದುಮುಂದು ತಿಳಿಯಬೇಕಾದರೆ ಪಹಣಿ ತೆಗೆಸಬೇಕು ಎಂಬುದು ಅವನಿಗೆ ಗೊತ್ತಿತ್ತು. ದಾಖಲೆ ವಿಭಾಗದಲ್ಲಿದ್ದ ಜಯಂತಿ ಅವನ ಪರಿಚಯದವಳೇ, ಲಕ್ಕಿಯ ಬಸಳೆಯ ಗಿರಾಕಿ. ಸಾಲಿನಲ್ಲಿ ಮುಕ್ಕಾಲು ತಾಸು ನಿಂತು ಕಿಟಕಿಗೆ ಮುಖ ಕೊಟ್ಟು, "ಅಕ್ಕಾ, ಒಂದು ಹಳೇ ಪಹಣಿ ಬೇಕಿತ್ತು," ಎಂದ.

"ಯಾವೂರದ್ದು? ಸರ್ವೆ ನಂಬರ್ ಹೇಳು."

"ನಂಬರ ಇಲ್ಲ. ದಿಲ್ಲೀದು. ರಾಷ್ಟ್ರಪತಿ ಮನೇದು."

ಹಿಂದೆ ನಿಂತವರೆಲ್ಲ ಗೊಳ್ಳೆಂದರು. ಜಯಂತಿ ಮಾತ್ರ ನಗದೆ, ಕನ್ನಡಕ ತೆಗೆದು ಅವನನ್ನೇ ನೋಡಿದಳು. "ಚೌಡಣ್ಣಾ, ಮಿರ್ಜಾನದ್ದೇ ಹಳೇದು ಇಲ್ಲಿ ಅರ್ಧಕ್ಕರ್ಧ ಗೆದ್ದಲು ತಿಂದದೆ. ದಿಲ್ಲೀದು ಎಲ್ಲಿಂದ ತರ್ಲಿ? ಮಹಾಗಣಪತಿ ಮಾಸ್ತರ್ರ ಕೇಳು." ಆ ಹೊತ್ತಿಗೆ ಊರಿಡೀ ಸುದ್ದಿಯಾಗಿತ್ತು. ಮೀನುಪೇಟೆಯಲ್ಲಿ ಒಬ್ಬ, "ಚೌಡಾ, ತಾಜಮಹಲಿಂದೂ ಒಂದು ಪಹಣಿ ತೆಗ್ಸಾ," ಎಂದು ಕೂಗಿದ. ಚೌಡ ತಿರುಗಿ ನೋಡದೆ ಮಾಸ್ತರರ ಮನೆಯ ದಾರಿ ಹಿಡಿದ.

ಮಹಾಗಣಪತಿ ಹೆಗಡೆಯವರು ಕಾಲೇಜಿನಲ್ಲಿ ಇತಿಹಾಸ ಕಲಿಸಿ ನಿವೃತ್ತರಾದವರು. ಕೇಳುವವರು ಸಿಕ್ಕದೆ ಒಣಗಿ ಹೋಗಿದ್ದರು. ಚೌಡನನ್ನು ಜಗಲಿಯಲ್ಲಿ ಕೂರಿಸಿ, ದಪ್ಪ ನೋಟುಬುಕ್ಕು ತೆಗೆದು, ಎರಡು ತಾಸು ಹೇಳಿದರು. ಇಂಗ್ಲಿಷರು ರಾಜಧಾನಿಯನ್ನು ಕಲ್ಕತ್ತೆಯಿಂದ ದಿಲ್ಲಿಗೆ ತಂದದ್ದು, ವೈಸರಾಯನಿಗೆಂದು ಗುಡ್ಡದ ಮೇಲೆ ಮನೆ ಹೂಡಿದ್ದು, ಕಟ್ಟಿ ಮುಗಿಯಲು ಹದಿನೇಳು ವರ್ಷ ಹಿಡಿದದ್ದು, ಮುನ್ನೂರ ನಲವತ್ತು ಕೋಣೆ. ಮನೆ ಕಟ್ಟಿಸಿದ ಎಂಜಿನಿಯರನಿಗೂ ಅವನ ಜೊತೆಗಾರನಿಗೂ ರಸ್ತೆಯ ಇಳಿಜಾರಿನ ವಿಷಯಕ್ಕೆ ಮಾತು ಬಿಟ್ಟುಹೋದದ್ದು. ಮನೆ ತುಂಬಿ ಎರಡು ದಶಕವಾಗುವ ಮೊದಲೇ ಇಂಗ್ಲಿಷರು ಗಂಟುಮೂಟೆ ಕಟ್ಟಿದ್ದು. ಆಮೇಲೆ ಆ ಮನೆಗೆ ಬಂದ ನಮ್ಮವರು ವೈಸರಾಯನ ಮಲಗುವ ಕೋಣೆ ತೀರ ದೊಡ್ಡದಾಯಿತೆಂದು ಸಣ್ಣ ಕೋಣೆಗೆ ಹೋದದ್ದು.

"ಮಾಸ್ತರ್ರೆ, ಇದೆಲ್ಲ ಎರಡನೇ ಸಾಲು, ಮೂರನೇ ಸಾಲು," ಎಂದ ಚೌಡ. "ಮೊದಲ್ನೇದು ಹೇಳಿ."

"ಎಂತ ಮೊದಲ್ನೇದು?"

"ಮನೆ ಹೂಡೂಕಿಂತ ಮುಂಚೆ ಅಲ್ಲಿ ಗೇಯ್ತಿದ್ದವ ಯಾರು?"

ಮಾಸ್ತರರು ನೋಟುಬುಕ್ಕು ಮುಚ್ಚಿದರು. ಅಂಥದ್ದನ್ನು ಮೂವತ್ತೈದು ವರ್ಷದಲ್ಲಿ ಯಾವ ವಿದ್ಯಾರ್ಥಿಯೂ ಕೇಳಿರಲಿಲ್ಲ, ಅವರೂ ಕಲಿಸಿರಲಿಲ್ಲ. ನಾಲ್ಕು ದಿನ ಬಿಟ್ಟು ಬಾ ಎಂದರು. ನಾಲ್ಕು ದಿನ ಬಿಟ್ಟು ಹೋದಾಗ, "ಸಿಕ್ಕಿತು ಚೌಡಾ," ಎಂದು ಹುಮ್ಮಸ್ಸಿನಿಂದಲೇ ಹೇಳಿದರು. "ರೈಸೀನಾ, ಮಾಲ್ಚಾ ಅಂತ ಹಳ್ಳಿಗಳಿದ್ದವು. ಸುಮಾರು ಮುನ್ನೂರು ಕುಟುಂಬ. ಜಮೀನು ಸರ್ಕಾರಕ್ಕೆ ತಗಂಡು ಎಬ್ಬಿಸಿದ್ರು."

"ಹೆಸ್ರು?"

"ಹೆಸರು ನನ್ನ ಪುಸ್ತಕದಲ್ಲೆಲ್ಲೂ ಇಲ್ಲ ಮಾರಾಯಾ. ಮುನ್ನೂರು ಅಂತ ಅದೆ."

ಚೌಡ ಎದ್ದು ನಿಂತ. "ಕೋಣೆ ಮುನ್ನೂರ ನಲವತ್ತು ಅಂತ ಒಂದೂ ಬಿಡದೆ ಎಣಿಸಿಟ್ರು. ಮನ್ಶರಿಗೆ ಬಂದಾಗ ಸುಮಾರು ಅಂದ್ರು. ಒಳ್ಳೇ ಲೆಕ್ಕ!" ಎಂದು ಚಹ ಕುಡಿಯದೆ ಹೊರಟುಹೋದ. ಮಾಸ್ತರರ ಮೇಲೆ ಸಿಟ್ಟು ಮಾಡಿ ಏನೂ ಆಗಬೇಕಾದ್ದಿರಲಿಲ್ಲ ಎಂದು ಅವನಿಗೂ ಗೊತ್ತಿತ್ತು. ಆದರೆ ಹತ್ತಿರ ಸಿಕ್ಕವರು ಅವರೇ.

ದಿಲ್ಲಿಯಲ್ಲಿ ಕೇಳಿದರಾಯಿತು, ಆ ಮನೆಯವರಿಗೆ ಗೊತ್ತಿಲ್ಲದೆ ಇರುತ್ತದೆಯೇ ಎಂದು ಸಮಾಧಾನ ಮಾಡಿಕೊಂಡು ರೈಲು ಹತ್ತಿದ. ಕುಮಟೆಯಿಂದ ಮಡಗಾಂವ, ಅಲ್ಲಿಂದ ದಿಲ್ಲಿ. ತಂಡದಲ್ಲಿ ಪ್ರದೀಪನೊಬ್ಬನಿಗೇ ಹಿಂದಿ ಬರುತ್ತಿದ್ದದ್ದು. ಅವನು ಭಟ್ಕಳದಲ್ಲಿ ನವಾಯತ ಮುಸ್ಲಿಮರೊಬ್ಬರ ಬಟ್ಟೆ ಅಂಗಡಿಯಲ್ಲಿ ಹತ್ತು ವರ್ಷ ಸೀರೆ ಮಡಚಿದವನು. ಗುಮಟೆಯ ದುರ್ಗ ಚೌಡನಿಗಿಂತ ನಾಲ್ಕು ವರ್ಷ ದೊಡ್ಡವನು, ಹೆಚ್ಚು ಮಾತಿನವನಲ್ಲ.

ಬಸ್ಸು ಆ ಅಗಲ ರಸ್ತೆಯಲ್ಲಿ ಹೋಗುವಾಗ ದೂರದಲ್ಲಿ ಮನೆ ಕಂಡಿತು. ಎಲ್ಲರೂ ಕಿಟಕಿಗೆ ಮುಗಿಬಿದ್ದರು. ಹತ್ತಿರ ಹೋದಂತೆ, ಏರು ಶುರುವಾದಂತೆ, ಕಂಬಗಳು ಮರೆಯಾದವು, ಗೋಡೆ ಮರೆಯಾಯಿತು, ಕಡೆಗೆ ಗುಮ್ಮಟದ ನೆತ್ತಿ ಮಾತ್ರ ಉಳಿಯಿತು. "ಹತ್ರ ಬಂದವ್ರಿಗೆ ಮೋರೆ ತೋರ್ಸೂದಿಲ್ಲ ಈ ಮನೆ," ಎಂದ ಚೌಡ. ಮಾಸ್ತರರು ಹೇಳಿದ ಇಳಿಜಾರಿನ ಜಗಳ ಇದೇ ಎಂದು ಅವನಿಗೆ ಹೊಳೆಯಿತು. ಅಷ್ಟು ದುಡ್ಡು ಸುರಿದು ಕಟ್ಟಿದವನಿಗೂ ಕೊನೆಗೆ ಕೈ ಹಿಸುಕಿಕೊಳ್ಳುವುದೇ ಗತಿಯಾಯಿತಲ್ಲ ಎಂದು, ಕಂಡರಿಯದ ಆ ಎಂಜಿನಿಯರನ ಮೇಲೆ ಸ್ವಲ್ಪ ಕನಿಕರವೂ ಬಂತು.

ಮೊದಲ ದಿನ ಮನೆ ತೋರಿಸಿದರು. ತೋರಿಸುವವನು ಕೋಟು ಹಾಕಿದ್ದ, ಮಾತು ಗಿಳಿಪಾಠ. ದೀಪದ ಗೊಂಚಲು ಎಷ್ಟು ಭಾರ, ಕಲ್ಲು ಎಲ್ಲಿಯದು, ನೆಲಹಾಸು ನೇಯಲು ಎಷ್ಟು ಜನ ಬೇಕಾಯಿತು. ಚೌಡ ಪ್ರದೀಪನ ಪಕ್ಕೆ ತಿವಿಯುತ್ತಲೇ ಇದ್ದ. ಪ್ರದೀಪ ಕೇಳಿದ. ಕೋಟಿನವನು, "ಮೊದಲು ಇಲ್ಲಿ ಬರೀ ಗುಡ್ಡವಿತ್ತು, ಕಲ್ಲು, ಮುಳ್ಳುಕಂಟಿ," ಎಂದು ಮುಂದಿನ ಕೋಣೆಗೆ ಹೋದ. ಸಮವಸ್ತ್ರದ ಸಾಹೇಬರೊಬ್ಬರನ್ನು ಕೇಳಿಸಿದ. ಅವರು ಒಳ್ಳೆಯವರು; ಇಲ್ಲಿಯ ಅಂಗಡಿಯಲ್ಲಿ ಪುಸ್ತಕ ಸಿಗುತ್ತದೆ, ಕೊಳ್ಳಬಹುದು ಎಂದರು. ಕಾರ್ಯಕ್ರಮ ನೋಡಿಕೊಳ್ಳುವ ಮೇಡಂ, "ಹಾಡು ಉದ್ದ ಆಗುತ್ತದೆ. ಸೀದಾ ಕುಣಿತದಿಂದ ಶುರು ಮಾಡಿ," ಎಂದು ಗಡಿಯಾರ ತೋರಿಸಿದರು. ಚೌಡ ಕೈಮುಗಿದು, ಮೊದಲ ನಾಲ್ಕು ಸಾಲು ಬಿಡಲು ಬರುವುದಿಲ್ಲ ಎಂದು ಗೋಗರೆದು, ಅರ್ಧ ನಿಮಿಷ ಗಿಟ್ಟಿಸಿದ. ಗಿಟ್ಟಿಸಿದ್ದಾಯಿತು, ಅದರಲ್ಲಿ ಹೇಳಲು ಹೆಸರೇ ಇಲ್ಲ.

ಮರುದಿನ ಮಧ್ಯಾಹ್ನ ತುರಾಯಿ ಕಟ್ಟಿಕೊಂಡು ಅಂಗಳಕ್ಕೆ ಇಳಿದರು. ಕುರ್ಚಿಯ ಸಾಲುಗಳಲ್ಲಿ ದೇಶ ವಿದೇಶದ ಅತಿಥಿಗಳು. ಚೌಡ ಎತ್ತಿಕೊಂಡ. ಮೊದ್ಲಿಗೆ ಯಾರ ನೆನೆದೇವೋ, ನೆಲ ಉತ್ತವ್ನ ನೆನೆದೇವೋ. ಅಲ್ಲಿಗೆ ನಿಂತ. ನಾನೂರು ಅಂಗಳದಲ್ಲಿ ತಡವರಿಸದ ನಾಲಿಗೆ ಬಾಯಿಯೊಳಗೆ ಸುಮ್ಮನೆ ಬಿದ್ದಿತ್ತು. ದುರ್ಗನ ಕೈ ಗುಮಟೆಯ ಮೇಲೆ ಎತ್ತಿದ್ದು ಎತ್ತಿದ ಹಾಗೇ ಉಳಿಯಿತು, ಹೆಸರು ಬೀಳದೆ ಪೆಟ್ಟು ಬೀಳುವಂತಿಲ್ಲವಲ್ಲ. ಕೊನೆಗೆ ಚೌಡನೇ ತಲೆ ಆಡಿಸಿದ. ಗುಮಟೆ ಬಿತ್ತು. ಕುಣಿದರು. ಚಪ್ಪಾಳೆ ಬಂತು, ಫೋಟೋ ತೆಗೆದರು. ಹರಕೆ ಹಳಿ ತಪ್ಪಿದ್ದು ಆ ಎಂಟು ಜನರಿಗೆ ಬಿಟ್ಟರೆ ಯಾರಿಗೂ ತಿಳಿಯಲಿಲ್ಲ. ಚೌಡನಿಗೆ ಅಳು ಬಂದದ್ದು ಅದಕ್ಕೇ. ಯಾರಾದರೂ ಒಬ್ಬರು, ಯಾಕೆ ನಿಂತೆ ಎಂದು ಕೇಳಿದ್ದರೂ ಸಾಕಿತ್ತು.

ಹಿಂದಿನ ಪಡಸಾಲೆಗೆ ಬಂದು ತುರಾಯಿ ಬಿಚ್ಚಿದರು. ಒಂದು ಅಂಗಳದ ಹೆಸರಲ್ಲಿ ಕಟ್ಟಿದ ತುರಾಯಿ ಬಿಚ್ಚಿತೆಂದರೆ ಆ ಅಂಗಳದ ಹರಕೆ ಆ ವರ್ಷಕ್ಕೆ ಮುಗಿಯಿತು. ಮತ್ತೆ ಕಟ್ಟುವಂತಿಲ್ಲ. ಚೌಡ ಗೋಡೆಗೆ ಒರಗಿ, ಕೊಟ್ಟ ತಿಂಡಿ ಮುಟ್ಟದೆ ಕೂತಿದ್ದ.

ಅಲ್ಲಿ ಒಬ್ಬ ಮುದುಕಿ ಹೂವಿನ ಕುಂಡಗಳಿಗೆ ನೀರು ಹಾಕುತ್ತಿದ್ದಳು. ನಿನ್ನೆಯೂ ಇದ್ದಳು. ಬಂದ ಗಳಿಗೆಯಲ್ಲಿ ದಾರಿಗೆ ಅಡ್ಡವಿದ್ದ ನೀರಿನ ಪೈಪು ಸರಿಸಿ ಕೊಟ್ಟವಳೂ ಅವಳೇ. ನಿಮ್ಮ ಯಜಮಾನನಿಗೆ ಹುಷಾರಿಲ್ಲವೇ ಎಂದು ಅವಳು ಪ್ರದೀಪನನ್ನು ಕೇಳಿದಳು. ಪ್ರದೀಪ ಅಂಗಡಿ ಹಿಂದಿಯಲ್ಲಿ ಕಥೆಯೆಲ್ಲ ಹೇಳಿದ. ಮುದುಕಿ ಪೈಪು ಕೆಳಗಿಟ್ಟು ಬಾಯಿತುಂಬ ನಕ್ಕಳು. ಆಮೇಲೆ ಅವಳು ಹೇಳಿದ್ದನ್ನು ಕೇಳುತ್ತ ಕೇಳುತ್ತ ಪ್ರದೀಪನ ಮುಖ ಬದಲಾಯಿತು.

"ಚೌಡಣ್ಣಾ, ಇವ್ರ ಮುತ್ತಜ್ಜಂದು ಇಲ್ಲೇ ಹೊಲ ಇತ್ತಂತೆ. ಮಾಲ್ಚಾದವ್ರು. ಹೊಲ ಹೋದ್ಮೇಲೆ ಅಜ್ಜ ಇದೇ ಮನೆಗೆ ಕಲ್ಲು ಹೊತ್ನಂತೆ. ಅಜ್ಜಿ ವರ್ಷಾ ದೀವಳಿಗೆಗೆ ಈ ಗುಡ್ಡದ ಕಡೆ ದೀಪ ಇಟ್ಟು ಆ ಮುತ್ತಜ್ಜನ ಹೆಸ್ರು ಹೇಳ್ತಿದ್ಲಂತೆ."

ಚೌಡ ಎದ್ದ. ಅವನ ಕೈ ತುರಾಯಿಗೆ ಹೋಯಿತು. ದುರ್ಗ ಆ ಕೈ ಹಿಡಿದ.

"ಬಿಚ್ಚಾತು ಚೌಡಾ."

"ಈಗ ತಾನೇ ಬಿಚ್ಚಿದ್ದು, ದುರ್ಗಾ. ಬಿಸಿ ಆರಿಲ್ಲ."

"ಬಿಚ್ಚಾತು."

ಹೊರಗೆ ಆಗಲೇ ಇನ್ನೊಂದು ಸೀಮೆಯ ತಂಡದ ಡೋಲು ಕೇಳುತ್ತಿತ್ತು. ಮುದುಕಿಗೆ ಈ ಗದ್ದಲ ಒಂದೂ ಅರ್ಥವಾಗಲಿಲ್ಲ. ಕೇಳಿದ್ದಕ್ಕೆ ಹೆಸರು ಹೇಳಿದಳು, ಆ ಹೊಲದಲ್ಲಿ ಬೆಳೆಯುತ್ತಿದ್ದದ್ದನ್ನೂ ಹೇಳಿದಳು. ಮೂವತ್ತೆಂಟು ವರ್ಷ ಇಲ್ಲಿ ಗಿಡ ನೋಡಿಕೊಂಡಿದ್ದೇನೆ, ಇದನ್ನು ಕೇಳಿದವರು ನೀವೇ ಮೊದಲು ಎಂದಳು. ಈ ತಿಂಗಳ ಕೊನೆಗೆ ಕೆಲಸ ಮುಗಿಯುತ್ತದೆ, ಹಿಂದೆ ಇರುವ ಕ್ವಾರ್ಟರ್ಸೂ ಬಿಡಬೇಕು, ಮಗನ ಬಾಡಿಗೆ ಕೋಣೆಗೆ ಹೋಗುತ್ತೇನೆ ಎಂದಳು. ಪೈಪು ಎತ್ತಿಕೊಂಡು ಮುಂದಿನ ಕುಂಡಕ್ಕೆ ಹೋದಳು.

ಊರಿಗೆ ಬಂದರೆ ಸನ್ಮಾನದ ಮೇಲೆ ಸನ್ಮಾನ. ಮಹಾಗಣಪತಿ ಮಾಸ್ತರರು ನೋಟುಬುಕ್ಕು ಹಿಡಿದು ಕೊಪ್ಪಕ್ಕೇ ಬಂದರು. "ಹೆಸರು ಸಿಕ್ಕಿತಂತೆ? ಹೇಳು, ಬರ್ಕಳ್ತೆ." ಚೌಡ ಹೇಳಲಿಲ್ಲ. ಆ ಹೆಸರು ಮೊದಲು ಕೇಳಬೇಕಾದ್ದು ಆ ಅಂಗಳ, ಕಾಗದವಲ್ಲ ಎಂದ. ಲಕ್ಕಿಗೂ ಹೇಳಲಿಲ್ಲ. ಪ್ರದೀಪನ ಕೈಯಲ್ಲಿ ದಿಲ್ಲಿಗೆ ಪತ್ರ ಬರೆಸಿದ. ಇನ್ನೊಮ್ಮೆ ಕರೆಯಿರಿ, ಕುಣಿತ ಬೇಡ, ಸಂಭಾವನೆ ಬೇಡ, ರೈಲಿನ ಖರ್ಚು ನಮ್ಮದೇ, ಅಂಗಳದಲ್ಲಿ ನಿಂತು ಒಂದು ಹೆಸರು ಹೇಳಲು ಒಂದು ನಿಮಿಷ ಕೊಟ್ಟರೆ ಸಾಕು. ಎಂಟು ತಿಂಗಳ ಮೇಲೆ ಉತ್ತರ ಬಂತು. ಒಮ್ಮೆ ಭಾಗವಹಿಸಿದ ತಂಡಕ್ಕೆ ಮರು ಅವಕಾಶವಿಲ್ಲ, ತಮ್ಮ ಆಸಕ್ತಿಗೆ ಧನ್ಯವಾದ. ಮುದುಕಿಯ ನಂಬರನ್ನು ಪ್ರದೀಪ ಬರೆದುಕೊಂಡಿದ್ದ. ಹಚ್ಚಿದರೆ ಆ ನಂಬರು ಈಗ ಬಳಕೆಯಲ್ಲಿಲ್ಲ ಎಂದಿತು. ಚೌಡ ಮತ್ತೆ ಪತ್ರ ಬರೆಸಿದ. ಮತ್ತೆ ಧನ್ಯವಾದ ಬಂತು. ಆ ಮಾತು ಕೇಳಿದರೆ ಈಗಲೂ ಅವನು ಉಗಿಯುತ್ತಾನೆ.

ಈ ವರ್ಷದ ಸುಗ್ಗಿಯಲ್ಲಿ ಹೊನ್ನಾವರದ ಕಡೆ ಒಂದು ಮನೆಗೆ ಹೋದರು. ಮೂವತ್ತು ವರ್ಷದಿಂದ ಹೋಗುತ್ತಿದ್ದ ಅಂಗಳ. ಚೌಡ ಎತ್ತಿಕೊಂಡ, ಹೆಸರಿನ ಜಾಗಕ್ಕೆ ಬಂದ, ಹೆಸರು ಬರಲಿಲ್ಲ. ತಲೆ ಗೊಬ್ಬರದ ಗುಂಡಿಯ ಹಾಗೆ ಕತ್ತಲೆ. ಪಕ್ಕದಲ್ಲಿದ್ದ ದುರ್ಗ ಮೆಲ್ಲಗೆ ಹೇಳಿಕೊಟ್ಟ, ಪದ ಸಾಗಿತು. ಆದರೆ ಅಂಗಳ ಇಳಿದ ಮೇಲೂ ಚೌಡನಿಗೆ ಅದೇ ಯೋಚನೆ. ಈ ಹೆಸರು ಹೋದರೆ ಹೇಳಿಕೊಡಲು ದುರ್ಗನಿದ್ದಾನೆ, ಮುದುಕಿಯರಿದ್ದಾರೆ. ದಿಲ್ಲಿಯದು ಹೋದರೆ? ದುರ್ಗನ ಕಿವಿಗೆ ಆ ಹಿಂದಿಯ ಹೆಸರು ಹತ್ತಿರಲೇ ಇಲ್ಲ, ಪ್ರದೀಪ ಆಗಲೇ ಮರೆತಿದ್ದ, ಚೌಡ ಅವನನ್ನು ಎರಡು ಸಲ ಕೇಳಿ ಪರೀಕ್ಷೆ ಮಾಡಿದ್ದ.

ಹೋಳಿ ಕಳೆದ ಮಾರನೆಯ ಬೆಳಿಗ್ಗೆ ಅವನು ಮಾಸ್ತರರ ಜಗಲಿ ಹತ್ತಿದ. ನಿಂತೇ ಹೇಳಿದ.

"ಬರ್ಕಳಿ."

ಮಾಸ್ತರರು ನೋಟುಬುಕ್ಕು ತಂದರು. ರಾಷ್ಟ್ರಪತಿ ಭವನದ ಟಿಪ್ಪಣಿ ಹದಿನಾಲ್ಕು ಪುಟವಾಗಿತ್ತು. ಹೊಸ ಪುಟ ತೆರೆದರು. ಚೌಡ ಹೆಸರು ಹೇಳಿದ. ಮಾಸ್ತರರು ಬರೆದರು.

"ಓದಿ."

"ಮಾಲ್ಚಾ ಊರಿನ ಹರಫೂಲ."

"ಮತ್ತೆ?"

"ನೀ ಹೇಳಿದ್ದು ಇಷ್ಟೇ ಅಲ್ದಾ?"

ಚೌಡ ಬಗ್ಗಿ ಪುಟ ನೋಡಿದ. ಅರ್ಧ ಸಾಲೂ ಆಗಿರಲಿಲ್ಲ.

"ಸಜ್ಜೆ ಬೆಳೀತಿದ್ದ, ಬರೀರಿ. ಕಡ್ಲೆ ಸಾ ಬೆಳೀತಿದ್ದ. ಅವ್ನ ಮಗ ಅದೇ ಮನೆಗೆ ಕಲ್ಲು ಹೊತ್ತ. ಮೊಮ್ಮಗನ ಮಗಳು ಅದೇ ನೆಲದಲ್ಲಿ ಹೂವಿನ ಗಿಡಕ್ಕೆ ನೀರು ಹಾಕ್ತಿದ್ಲು."

ಮಾಸ್ತರರ ಪೆನ್ನು ಓಡುತ್ತಿತ್ತು.

"ಎರಡು ದಿವ್ಸ ಚೌಡ ಅವ್ಳ ಮುಂದೇ ಹಾದು ಹೋದ. ಕೋಟಿನವ್ನ ಕೇಳ್ದ, ಸಾಹೇಬ್ರ ಕೇಳ್ದ. ಅವ್ಳ ಕೇಳಲಿಲ್ಲ. ಅದ್ನೂ ಬರೀರಿ."

ಪೆನ್ನು ನಿಂತಿತು. "ಅದು ಇತಿಹಾಸಕ್ಕೆ ಬತ್ತಿಲ್ಲೆ ಚೌಡಾ," ಎಂದರು ಮಾಸ್ತರರು, ಮನೆಮಾತಿನಲ್ಲೇ.

"ಬರೀರಿ ಅಂದೆ."

ಮಾಸ್ತರರು ಬರೆದರು.